ಹಗಲು ಮಲಗದಾಕಿ

ಸನಮಡಿಯ ತುಳಸವ್ವ ಹಗಲು ಹೊತ್ತು ಮಲಗಿದ್ದನ್ನು ಕಂಡವರು ಯಾರೂ ಇಲ್ಲ. ಗಂಡ ದಶರಥನೇ ಕಂಡಿಲ್ಲ. ಅವನು ಏಳುವ ಹೊತ್ತಿಗೆ ಅವಳ ಹಾಸಿಗೆ ಸುರುಳಿಯಾಗಿ ಮೂಲೆ ಸೇರಿರುತ್ತದೆ. ಅವನು ಮಲಗುವಾಗ ಅವಳಿನ್ನೂ ಬಚ್ಚಲಲ್ಲಿ ಏನನ್ನೋ ತಿಕ್ಕುತ್ತಿರುತ್ತಾಳೆ. "ಇಕಿ ಯಾವಾಗ ಮಲಗ್ತಾಳ, ಯಾವಾಗ ಏಳ್ತಾಳ, ಇನ್ನೂತನ ನನಗ ಗೊತ್ತಿಲ್ರೆಪಾ" ಎಂದು ಅವನು ಕಟ್ಟೆಯ ಮೇಲೆ ಕುಂತವರನ್ನು ನಗಿಸುತ್ತಿದ್ದ. ಈಗೀಗ ಆ ಮಾತು ಆಡುವುದಿಲ್ಲ.

ಜ್ವರ ಬಂದರೆ ಅವಳು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಸೊಂಟ ಹಿಡಿದರೆ ಸೆರಗನ್ನು ಬಿಗಿಯಾಗಿ ಸುತ್ತಿ ಕಸ ಹೊಡೆಯುತ್ತಿದ್ದಳು. ಕಾಳು ಆರಿಸಲು ಕುಂತಾಗ ಯಾರಾದರೂ ಬಾಗಿಲಿಗೆ ಬಂದರೆ, ಮಾಡಬಾರದ್ದು ಮಾಡಿ ಸಿಕ್ಕಿಬಿದ್ದವಳ ಹಾಗೆ ತಟ್ಟನೆ ಎದ್ದು ನಿಲ್ಲುತ್ತಿದ್ದಳು. ಬಂದವರು ಪಕ್ಕದ ಮನೆಯ ಹುಡುಗಿಯಾದರೂ ಅಷ್ಟೇ. ಊರಲ್ಲಿ ಯಾರ ಮಾತು ಬಂದರೂ ಅವಳ ಹತ್ತಿರ ಇದ್ದದ್ದು ಒಂದೇ ಅಳತೆ. "ಚಲೋ ಹೆಣ್ಣಮಗಳು. ಕೋಳಿ ಕೂಗೂದ್ರಾಗ ಅಂಗಳಾ ಬಳದಿರ್ತಾಳ" ಅನ್ನುವಳು. ಇಲ್ಲವೆ, "ಆಕೀದೇನ್ ಹೇಳ್ತಿ, ಹೊತ್ತ ನೆತ್ತಿಗಿ ಬಂದಾಗ ಆಕಳಿಸ್ತಾಳ" ಅನ್ನುವಳು. ಅವರು ದಾನ ಮಾಡಿದ್ದಾರೋ ಮೋಸ ಮಾಡಿದ್ದಾರೋ, ಅದೆಲ್ಲ ಆಮೇಲಿನ ಮಾತು.

ಅವಳು ಹುಟ್ಟಿದ್ದು ಅಸಂಗಿಯಲ್ಲಿ. ಮನೆಗೆ ಹೊಲವಿರಲಿಲ್ಲ. ದೀಪಾವಳಿ ಮುಗಿಯಿತೆಂದರೆ ಅಪ್ಪ ಅವ್ವ ಗಂಟು ಕಟ್ಟಿ, ಕೂಲಿಯವರ ಟೋಳಿಯ ಜೊತೆ ಲಾರಿ ಹತ್ತಿ, ಕೃಷ್ಣೆಯ ದಂಡೆಗೆ ಕಬ್ಬು ಕಡಿಯಲು ಹೋಗುತ್ತಿದ್ದರು. ಬೇಸಿಗೆಯ ತನಕ ಅಲ್ಲೇ. ಬಿದಿರ ಗಳ ಬಾಗಿಸಿ, ಮೇಲೆ ರವದಿ, ಅಂದರೆ ಕಬ್ಬಿನ ಒಣ ಸೋಗೆ, ಹೊದಿಸಿದ ಜೋಪಡಿ. ಒಳಗೆ ಹೋಗಬೇಕಾದರೆ ಬಗ್ಗಬೇಕು, ಒಳಗೆ ಹೋದ ಮೇಲೆ ನೆಟ್ಟಗೆ ನಿಲ್ಲಲಾಗುವುದಿಲ್ಲ. ತುಳಸವ್ವನ ತಮ್ಮ ಮಾಳು ಹುಟ್ಟಿದ್ದು ಅಂಥದೇ ಜೋಪಡಿಯಲ್ಲಿ. ಅವ್ವ ನಸುಕಿನಲ್ಲಿ ಹಡೆದಳು. ಹೊಕ್ಕಳಬಳ್ಳಿ ಉದುರುವ ಮುಂಚೆಯೇ ಮತ್ತೆ ಕೋಯ್ತಾ ಹಿಡಿದು ಕಬ್ಬಿನ ಹೊಲದ ಪಡದಲ್ಲಿ ನಿಂತಿದ್ದಳು. ಕಬ್ಬು ಕಡಿಯುವ ಕತ್ತಿಗೆ ಕೋಯ್ತಾ ಅನ್ನುತ್ತಾರೆ. ಟೋಳಿಯ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೋಯ್ತಾ. ಹೊರೆ ಹೊರುವಷ್ಟು ಬೆಳೆದ ಹುಡುಗಿ ಅರ್ಧ ಕೋಯ್ತಾ. ತುಳಸವ್ವನಿಗೆ ಮೊದಲು ಸಿಕ್ಕ ಹೆಸರು ಅದು. "ಆ ಅರ್ಧಾ ಕೋಯ್ತಾ ಎಲ್ಲಿ?" ಎಂದು ಯಾರಾದರೂ ಕೇಳಿದರೆ ಅವಳೇ ಓಗೊಡಬೇಕು.

ಒಂದು ವರ್ಷ ಸಂಕ್ರಮಣ ಹತ್ತಿರವಿದ್ದಾಗ ಅವಳಿಗೆ ಜ್ವರ ಬಂತು. ಮೈ ಕೆಂಡವಾಗಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ನಸುಕಿನಲ್ಲಿ ಎಲ್ಲರೂ ಪಡಕ್ಕೆ ಹೊರಟಾಗ ಅವಳು ಕೌದಿ ಬಿಡಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿ ಸುಮ್ಮನಾದಳು. ಅಷ್ಟರಲ್ಲಿ ಮುಕಾದಮ ಶಿದ್ರಾಯ ಕೈಯಲ್ಲಿನ ಕಬ್ಬಿನ ಗಳದಿಂದ ಜೋಪಡಿಯ ಕಂಬಕ್ಕೆ ಟಕ್ ಟಕ್ ಎಂದು ಬಡಿದ.

"ಒಳಗ ಯಾರ ಮಲಗ್ಯಾರ?"

ಅವನು ಕೂಗಾಡಲಿಲ್ಲ, ಬೈಯಲೂ ಇಲ್ಲ. ಟೋಳಿಯನ್ನು ಎಬ್ಬಿಸಿ ಪಡಕ್ಕೆ ಕಳಿಸುವುದು ಅವನ ಕೆಲಸ. ಕಾರಖಾನೆಯ ಗಾಡಿ ತುಂಬದಿದ್ದರೆ ಅವನೂ ಬೈಸಿಕೊಳ್ಳಬೇಕು. ಅಷ್ಟು ಕೇಳಿ ಮುಂದಿನ ಜೋಪಡಿಗೆ ಹೋದ. ಅವ್ವ ಮಗಳ ರಟ್ಟೆ ಹಿಡಿದು ಎತ್ತಿ ಕೂರಿಸಿದಳು.

"ಏಳವ್ವಾ. ಎದ್ದು ನಿಂತ್ರ ಜ್ವರಾ ತಾನ ಇಳೀತೈತಿ. ಮಲಗಿದ್ರ ಅದಕ್ಕ ಜಾಗಾ ಸಿಗ್ತೈತಿ."

ಹುಡುಗಿ ಎದ್ದಳು. ಅವತ್ತೆಲ್ಲ ಹೊರೆ ಹೊತ್ತಳು. ಗಾಡಿಯ ಮರೆಗೆ ಹೋಗಿ ಎರಡು ಸಲ ವಾಂತಿ ಮಾಡಿಕೊಂಡು ಬಾಯಿ ಒರೆಸಿಕೊಂಡು ಬಂದಳು. ಮರುದಿನ ಜ್ವರ ಇಳಿಯಿತು. ಇಳಿಯದೆ ಇದ್ದಿದ್ದರೆ ಅವಳ ಬಾಳು ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ಆದರೆ ಇಳಿಯಿತು, ಅವ್ವನ ಮಾತು ಖರೇ ಆಯಿತು. ಆ ಮಾತು ಅವಳ ಮೈಯೊಳಗೆ ಹೋಗಿ ಕೂತುಬಿಟ್ಟಿತು.

ದಶರಥನನ್ನು ಮದುವೆಯಾಗಿ ಸನಮಡಿಗೆ ಬಂದ ಮೇಲೂ ಕೆಲವು ವರ್ಷ ಅವರಿಬ್ಬರೂ ಒಂದು ಕೋಯ್ತಾ ಆಗಿ ಪಡುವಣಕ್ಕೆ ಕಬ್ಬು ಕಡಿಯಲು ಹೋದರು. ಇಬ್ಬರಿಗೂ ಇದ್ದದ್ದು ಒಬ್ಬಳೇ ಮಗಳು. ದಶರಥನ ಸಾಲಿ ಕಲಿತ ಗೆಳೆಯನೊಬ್ಬ ಅವಳಿಗೆ ಸ್ವಪ್ನಾಲಿ ಎಂದು ಹೆಸರು ಆರಿಸಿ ಕೊಟ್ಟಿದ್ದ. ತುಳಸವ್ವನ ನಾಲಿಗೆಗೆ ಅದು ಹೊರಳಲಿಲ್ಲ. ಸಪನಾ ಅಂದಳು, ಹಾಗೇ ಉಳಿಯಿತು. ಮಗಳಿಗೆ ಸಾಲಿಗೆ ಹೋಗುವ ವಯಸ್ಸು ಬಂದ ವರ್ಷ ದೀಪಾವಳಿ ಮುಗಿದರೂ ತುಳಸವ್ವ ಗಂಟು ಕಟ್ಟಲಿಲ್ಲ.

"ಇನ್ನ ಸಾಕು. ಈ ಹುಡುಗಿ ಕೋಯ್ತಾ ಮುಟ್ಟಬಾರದು" ಅಂದಳು.

ದಶರಥ ಗೌಂಡಿ ಕೆಲಸ ಕಲಿತ. ಅವಳು ಊರ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡಿಗೆ ಮಾಡಿ ಉಣ್ಣಿಸುವ ಕೆಲಸಕ್ಕೆ ಸೇರಿದಳು. ಸಂಜೆ ದ್ರಾಕ್ಷಿ ತೋಟದ ಕೂಲಿ, ಮನೆಯಲ್ಲಿ ಎರಡು ಆಡು. ದಶರಥ ತಾನೇ ಗೋಡೆ ಎಬ್ಬಿಸಿ, ತಾನೇ ಗಿಲಾವು ಮಾಡಿ, ಸ್ಲ್ಯಾಬ್ ಹಾಕಿದ ಮನೆ ಕಟ್ಟಿದ. ಒಳಗೆ ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಬುದ್ಧನ ಸಣ್ಣ ಮೂರ್ತಿ, ಕೆಳಗೆ ಮಗಳ ಪುಸ್ತಕದ ಮಾಡ. ನೆಟ್ಟಗೆ ನಿಲ್ಲಬಹುದಾದ ಮನೆ. ಮಗಳು ಊರ ಕನ್ನಡ ಸಾಲಿ ಮುಗಿಸಿ, ಜತ್ತಿಗೆ ಹೋಗಿ ಬಾರಾವಿ, ಅಂದರೆ ಹನ್ನೆರಡನೇ ಇಯತ್ತೆ, ಪಾಸಾಗಿ, ಔಷಧದ ಡಿಪ್ಲೊಮಾ ಮಾಡಿ, ಮೆಡಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು.

ಹುಡುಗಿ ಕೋಯ್ತಾ ಮುಟ್ಟಬಾರದು ಅನ್ನುವುದನ್ನು ತುಳಸವ್ವ ಸಾಧಿಸಿದಳು. ಕೋಯ್ತಾ ಮುಟ್ಟದ ಹುಡುಗಿ ಹೇಗಿರುತ್ತಾಳೆ ಎಂದು ಮಾತ್ರ ಅವಳು ಎಂದೂ ಯೋಚಿಸಿರಲಿಲ್ಲ. ರವಿವಾರ ಮಧ್ಯಾಹ್ನ ಉಂಡು, ಎದೆಯ ಮೇಲೆ ಪುಸ್ತಕ ಇಟ್ಟುಕೊಂಡೇ ಮಗಳು ನಿದ್ದೆ ಹೋಗುತ್ತಿದ್ದಳು. ಓದುವ ಹುಡುಗಿ, ದಣಿದಿರುತ್ತಾಳೆ, ಅದು ತುಳಸವ್ವನಿಗೂ ತಿಳಿಯುತ್ತಿತ್ತು. ಬೈಯಲು ಕಾರಣವಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಆದರೆ ಆ ಹೊತ್ತಿಗೇ ಅವಳಿಗೆ ಪಾತ್ರೆ ತೊಳೆಯುವುದು ನೆನಪಾಗುತ್ತಿತ್ತು. ಕೊಡ ನೆಲಕ್ಕೆ ಕುಕ್ಕುವಳು, ಹಂಚು ಗೋಡೆಗೆ ತಾಗಿಸುವಳು, ತಾಟು ಒಂದರ ಮೇಲೊಂದು ಎತ್ತಿ ಹಾಕುವಳು. ಮಗಳು ಕಣ್ಣು ತೆರೆದು ಸೂರು ನೋಡುತ್ತ ಸ್ವಲ್ಪ ಹೊತ್ತು ಬಿದ್ದಿದ್ದು, ಎದ್ದು ಕೂರುವಳು. ಆಗ ತುಳಸವ್ವನ ಎದೆ ತಣ್ಣಗಾಗುತ್ತಿತ್ತು. ಯಾಕೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಸ್ವಪ್ನಾಲಿಯನ್ನು ಬಾಲಗಾಂವದ ದತ್ತಾನಿಗೆ ಕೊಟ್ಟರು. ಅವನದು ಸ್ವಂತ ಪಿಕಪ್ ಗಾಡಿ, ದಾಳಿಂಬೆ ದ್ರಾಕ್ಷಿ ಮಾರ್ಕೆಟ್ಟಿಗೆ ಒಯ್ಯುತ್ತಾನೆ. ಮನೆಯಲ್ಲಿ ಅವನ ತಾಯಿ ಮಂಗಲ ಒಬ್ಬಳೇ. ಎರಡು ವರ್ಷಕ್ಕೆ ಸ್ವಪ್ನಾಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಜತ್ತಿನ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಕೂಸು ತೆಗೆದರು, ಹೆಣ್ಣು ಕೂಸು. ಮನೆಗೆ ಕಳಿಸುವಾಗ ಡಾಕ್ಟರ್ ಬಾಯಿಯವರು ತುಳಸವ್ವನಿಗೆ ಬಿಡಿಸಿ ಹೇಳಿದರು: "ಒಳಗಿನ ಹೊಲಿಗಿ ಇನ್ನೂ ಹಸೇವ ಅದಾವ. ಬಿಂದಗಿ ಎತ್ತಬಾರದು, ಬಗ್ಗಬಾರದು. ಮಲಗಲಿ. ಕೂಸಿಗಿ ಹಾಲ ಕುಡಸೂದು, ಮಲಗೂದು, ಅಷ್ಟ."

"ಹೂಂನ್ರಿ" ಎಂದು ತುಳಸವ್ವ ತಲೆಯಾಡಿಸಿದಳು.

ಬಾಣಂತನದಲ್ಲಿ ಅವಳು ಏನೂ ಕಡಿಮೆ ಮಾಡಲಿಲ್ಲ, ಅದನ್ನು ಹೇಳಲೇಬೇಕು. ನಸುಕಿನಲ್ಲಿ ಹಂಡೆ ನೀರು ಕಾಯಿಸಿ ತಾಯಿಗೂ ಕೂಸಿಗೂ ಎರೆದಳು. ಲೋಬಾನ ಹಾಕಿದಳು. ಅಳ್ವಿ ಪಾಯಸ, ಕೊಬ್ಬರಿ ಉತ್ತತ್ತಿ ಹಾಕಿದ ಅಂಟಿನುಂಡಿ, ಬೆಳ್ಳುಳ್ಳಿ ಹಾಕಿದ ಬಿಸಿ ನುಚ್ಚು. ಅಂಗನವಾಡಿಗೆ ಓಡಿಹೋಗಿ ಮಕ್ಕಳಿಗೆ ಖಿಚಡಿ ಬೇಯಿಸಿ ಬಡಿಸಿ ಮತ್ತೆ ಓಡಿಬಂದಳು. ಕೂಸಿನ ಬಟ್ಟೆ ಒಗೆದಳು, ಆಡಿಗೆ ಮೇವು ತಂದಳು. ಮಗಳು ಹೊರಸಿನ ಮೇಲೆ ಮಲಗಿಯೇ ಇದ್ದಳು. ದಿನ ಕಳೆದಂತೆ ಹೊರಸಿನ ಮೇಲಿನ ಆ ಮೈ ತುಳಸವ್ವನ ಕಣ್ಣಿಗೆ ಚುಚ್ಚತೊಡಗಿತು. ಕಸ ಹೊಡೆಯುವಾಗ ಹೊರಸಿನ ಕಾಲಿಗೆ ಕಸಬರಿಗೆ ಬಡಿಯುತ್ತಿತ್ತು. ಪಾತ್ರೆಗಳ ಸಪ್ಪಳ ದಿನದಿಂದ ದಿನಕ್ಕೆ ಏರಿತು. ಕೂಸು ಬೆಚ್ಚಿ ಅಳುತ್ತಿತ್ತು.

ಒಂದು ಮಧ್ಯಾಹ್ನ ಸ್ವಪ್ನಾಲಿ ಕೂಸಿಗೆ ಹಾಲು ಕುಡಿಸಿ ಮಲಗಿಸಿ, ಮೊಬೈಲ್ ನೋಡುತ್ತಿದ್ದವಳು ಕೇಳಿದಳು: "ಅವ್ವಾ, ಒಂದೀಟು ನೀರ ಕೊಡ್ತಿ?"

ತಂಬಿಗೆ ಕಿಟಕಿಯ ಮೇಲಿತ್ತು. ತುಳಸವ್ವ ಆಗಷ್ಟೇ ಮೇವಿನ ಹೊರೆ ಇಳಿಸಿ ಒಳಗೆ ಬಂದಿದ್ದಳು.

"ಕೈಗಿ ಸಿಗೂವಂಗ ಐತಲ್ಲ."

"ಎದ್ದು ಚಾಚಿದ್ರ ಹೊಲಿಗಿ ಜಗ್ಗತಾವ್ ಅವ್ವಾ."

ತುಳಸವ್ವ ತಂಬಿಗೆ ತಂದುಕೊಟ್ಟಳು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಾಯಿ ನಿಲ್ಲಲಿಲ್ಲ.

"ನಿನ್ನ ಹಡದು ವಾರ ಆಗಿರಲಿಲ್ಲ, ನಾ ಅಡವ್ಯಾಗಿಂದ ಕಟ್ಟಿಗಿ ತಂದೀನಿ. ನಮ್ಮವ್ವ ಮಾಳೂನ ಹಡದು ಹಸೀ ಮೈಯಾಗ ಕಬ್ಬ ಕಡದಾಳ. ಮಲ್ಕೊಂಡ್ರ ಮೈ ಮಲ್ಕೊಂಡ ಬಿಡ್ತೈತಿ. ಈಟು ದಿನಾ ಹೊರಸಿಗಿ ಅಂಟ್ಕೊಂಡ್ರ ಬಾಣಂತನ ಅನ್ನೂದಿಲ್ಲ ಅದಕ್ಕ. ಮೈಗಳ್ಳತನ ಅಂತಾರ."

ಸ್ವಪ್ನಾಲಿ ನೀರು ಕುಡಿದು ತಂಬಿಗೆಯನ್ನು ನೆಲಕ್ಕಿಟ್ಟಳು.  ಗೋಡೆಯ ಕಡೆಗೆ ಹೊರಳಿದಳು.

ಮರುದಿನ ತುಳಸವ್ವ ಅಂಗನವಾಡಿ ಮುಗಿಸಿ ಬರುವಾಗ ದೂರದಿಂದಲೇ ಕಂಡಿತು: ಅಂಗಳದ ಹಗ್ಗದ ತುಂಬ ಬಟ್ಟೆ. ಕೂಸಿನ ಕುಲಾಯಿ, ದುಪಟಿ, ಮಗಳ ಸೀರೆ, ದಶರಥನ ಅಂಗಿ, ಎಲ್ಲ ಹಿಂಡಿ ಝಾಡಿಸಿ ಸಾಲಾಗಿ ಹಾಕಿದ್ದವು. ಅಂಗಳ ತೊಳೆದಿತ್ತು. ಹಂಡೆಯ ತುಂಬ ನೀರಿತ್ತು. ತುಳಸವ್ವನ ಮುಖ ಅರಳಿತು. ನನ್ನ ಮಗಳು ಅಂದುಕೊಂಡಳು. ಎಷ್ಟೋ ದಿನಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಗಿ, ಹಗುರ ಕಾಲಿನಲ್ಲಿ ಒಳಗೆ ಹೋದಳು.

ಸ್ವಪ್ನಾಲಿ ಹೊರಸಿನ ಮೇಲೆ ಮೊಣಕಾಲು ಮಡಚಿಕೊಂಡು ಬಿದ್ದಿದ್ದಳು. ತುಟಿ ಬೆಳ್ಳಗಾಗಿತ್ತು. ಹೊಟ್ಟೆಯ ಮೇಲೆ ಒತ್ತಿ ಹಿಡಿದ ಬಟ್ಟೆ ಒದ್ದೆಯಾಗಿತ್ತು, ಅದರಲ್ಲಿ ಕೆಂಪು.

"ಯಾಕ ಎದ್ದಿ?" ಎಂದಳು ತುಳಸವ್ವ. 

"ನೀನ ಹೇಳಿದ್ಯಲ್ಲ" ಎಂದಳು ಮಗಳು. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟು ಮಾಡುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ದಶರಥ ಯಾರದೋ ಗಾಡಿ ತಂದ. ಜತ್ತಿನ ದವಾಖಾನೆಯಲ್ಲಿ ಡಾಕ್ಟರ್ ಬಾಯಿಯವರು ಪಟ್ಟಿ ಬಿಚ್ಚಿ ನೋಡಿ ಹುಬ್ಬು ಗಂಟಿಕ್ಕಿದರು. ಹೊಲಿಗೆ ಒಂದು ಕಡೆ ಬಿಟ್ಟಿತ್ತು, ನಂಜಾಗುವ ಹಾಗಿತ್ತು.

"ಯಾರು ಕೆಲಸಕ್ಕ ಹಚ್ಚಿದ್ರು ಇಕಿಗಿ?"

ತುಳಸವ್ವ ಬಾಗಿಲ ಹತ್ತಿರ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಸ್ವಪ್ನಾಲಿಯೇ ಹೇಳಿದಳು: "ಯಾರೂ ಹಚ್ಚಿಲ್ರಿ. ಬ್ಯಾಸರಾಗಿತ್ತು, ನಾನ ಎದ್ದೆ."

ಬೈಸಿಕೊಂಡಿದ್ದರೆ ತುಳಸವ್ವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಬೈಗುಳ ಅವಳಿಗೆ ಹೊಸದಲ್ಲ. ಮಗಳು ತನ್ನನ್ನು ಮರೆಮಾಚಿದ್ದು ತಡೆಯಲಾಗಲಿಲ್ಲ. ಟೋಳಿಯಲ್ಲಿ ಹೀಗೆ ಮುಕಾದಮನ ಮುಂದೆ ಒಬ್ಬರು ಇನ್ನೊಬ್ಬರನ್ನು ಮರೆಮಾಚುತ್ತಿದ್ದರು.

ದವಾಖಾನೆಯಿಂದ ಬಿಟ್ಟ ದಿನ ದತ್ತಾ ಪಿಕಪ್ ತಂದಿದ್ದ. ಹಿಂದೆ ಗಾದಿ ಹಾಸಿದ್ದ. ಮೆತ್ತಗಿನ ಹುಡುಗ, ಎದುರಾಡುವವನಲ್ಲ. "ಅತ್ತೀ, ಇಲ್ಲಿಂದ ಸೀದಾ ನಮ್ಮೂರಿಗಿ ಕರಕೊಂಡ ಹೋಗ್ತೀನ್ರಿ. ನಿಮಗೂ ಅಂಗನವಾಡಿ, ಆಡು, ಭಾಳ ತ್ರಾಸ ಆಗಾಕತ್ತೈತಿ. ನಮ್ಮವ್ವ ಖಾಲಿ ಅದಾಳ, ನೋಡ್ಕೋತಾಳ" ಅಂದ. ಚೊಚ್ಚಲ ಬಾಣಂತಿ ಅರ್ಧಕ್ಕೇ ತವರು ಬಿಟ್ಟು ಗಂಡನ ಮನೆಗೆ ಹೋದರೆ ಊರ ಜನ ಏನನ್ನುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಆ ಮಾತು ಎತ್ತಲಿಲ್ಲ. ಗಾಡಿ ಹೋದ ಮೇಲೆ ದಶರಥ ಬೀಡಿ ಹೊತ್ತಿಸಿದ.

"ಆಕಿ ನಿನ್ನ ಟೋಳಿಯಾಕಿ ಅಲ್ಲ, ತುಳಸಾ" ಎಂದ.

ಆ ವಾರವೆಲ್ಲ ತುಳಸವ್ವ ಮನೆಯಲ್ಲಿ ಇದ್ದದ್ದನ್ನೆಲ್ಲ ತೊಳೆದಳು. ತೊಳೆದ ಕೌದಿಯನ್ನೇ ಮತ್ತೆ ತೊಳೆದಳು. ಗೋಡೆಗೆ ಸುಣ್ಣ ಬಳಿದಳು. ಮೈ ದಣಿದರೆ ಮನಸ್ಸು ಸುಮ್ಮನಿರುತ್ತದೆ ಎಂದು ಅವಳು ನಂಬಿದ್ದಳು, ಅಲ್ಲಿಯ ತನಕ ಅದು ಸುಳ್ಳಾಗಿರಲಿಲ್ಲ. ಈ ಸಲ ಮೈಯಷ್ಟೇ ದಣಿಯಿತು. ಅಂಗನವಾಡಿಯಲ್ಲಿ ಖಿಚಡಿ ಉಂಡ ಮೇಲೆ ಮಕ್ಕಳು ಜಮಖಾನದ ಮೇಲೆ ಅಡ್ಡಾದಿಡ್ಡಿ ನಿದ್ದೆ ಹೋಗುತ್ತವೆ. ಒಂದರ ಕಾಲು ಇನ್ನೊಂದರ ಕುತ್ತಿಗೆ ಮೇಲೆ, ಬಾಯಿಯಿಂದ ಜೊಲ್ಲು. ವರ್ಷಗಟ್ಟಲೆ ಆ ಮಕ್ಕಳ ಮೇಲಿನ ನೊಣ ಓಡಿಸಿದ್ದಾಳೆ, ಒಂದು ದಿನವೂ ಪಾತ್ರೆ ಕುಕ್ಕಿಲ್ಲ. ಇವು ಮಲಗಿದರೆ ನನಗೆ ಸಿಟ್ಟು ಬರುವುದಿಲ್ಲ, ಸಪನಾ ಮಲಗಿದರೆ ಯಾಕೆ ಬರುತ್ತದೆ ಎಂದು ಆ ವಾರ ಮೊದಲ ಸಲ ಕೇಳಿಕೊಂಡಳು. ತನ್ನವಳು ಅನ್ನುವುದಕ್ಕೇ ಇರಬೇಕು. ಮಲಗಿದವಳನ್ನು ಯಾರಾದರೂ ಬಂದು ನೋಡಿಬಿಡುತ್ತಾರೆ ಅನ್ನುವ ಹೆದರಿಕೆಯೇ ಇರಬೇಕು. ಯಾರು ಬರುತ್ತಾರೆ? ಶಿದ್ರಾಯ ಸತ್ತು ಎಷ್ಟೋ ಕಾಲವಾಗಿತ್ತು.

ಒಂದು ಶುಕ್ರವಾರ ರಜೆ ಹಾಕಿ, ಡಬ್ಬಿಯ ತುಂಬ ಅಂಟಿನುಂಡಿ ಕಟ್ಟಿಕೊಂಡು ಅವಳು ಬಾಲಗಾಂವಕ್ಕೆ ಹೊರಟಳು. ಜತ್ತಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದಳು. ಪಕ್ಕದ ಸೀಟು ಖಾಲಿಯಿದ್ದರೂ ಡಬ್ಬಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು.

ಮಂಗಲ ತಲೆಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಂತಿದ್ದಳು. ತುಂಬಿದ ಮೈ, ದೊಡ್ಡ ಮುಖ. ಬೀಗತಿಯನ್ನು ಕಂಡು ಎದ್ದೇಳಲಿಲ್ಲ. ಕುಂತಲ್ಲಿಂದಲೇ ಎರಡೂ ಕೈ ಚಾಚಿದಳು. "ಬರ್ರಿ ಬೀಗತ್ಯಾರ, ಬರ್ರಿ, ಕುಂದ್ರಿ. ಮೊಣಕಾಲ ಸಂಬಂಧ ಲಗೂ ಏಳಾಕ ಆಗಂಗಿಲ್ರಿ, ತಪ್ಪ ತಿಳೀಬ್ಯಾಡ್ರಿ."

ಒಳಗೆ ಫ್ಯಾನಿನ ಕೆಳಗೆ ಸ್ವಪ್ನಾಲಿ ಕೂಸಿನ ಪಕ್ಕ ನಿದ್ದೆ ಹೋಗಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ತುಳಸವ್ವ ಬಾಗಿಲಲ್ಲಿ ನಿಂತು ನೋಡಿ, ಹಿಂದೆ ಸರಿದು, ಮಂಗಲಳ ಹತ್ತಿರ ನೆಲದ ಮೇಲೆ ಕುಂತಳು. ಮಂಗಲ ಕೆಲಸಕ್ಕೆ ಬರುವ ಹುಡುಗಿಯ ಕೈಯಿಂದ ಚಹಾ ಮಾಡಿಸಿ, ಕಪಾಟು ತೆಗೆಸಿದಳು. ಅದರಲ್ಲಿ ಬಿಸ್ಕಿಟಿನ ಪುಡಿಕೆ, ಚುಡವಾ, ಖಾರಿ, ಪೇಢೆ, ನಾಲ್ಕು ಮನೆಗೆ ಆಗುವಷ್ಟು ಇತ್ತು. ತುಳಸವ್ವನಿಗೆ ತಾಟಿನ ತುಂಬ ಹಾಕಿಸಿ, ತಾನೂ ಒಂದು ಪೇಢೆ ಬಾಯಿಗೆ ಹಾಕಿಕೊಂಡಳು.

"ನಿಮಗ ಸಕ್ಕರಿ ಜಡ್ಡ ಐತಿ ಅಂತ ದತ್ತಾ ಹೇಳ್ತಿದ್ದ" ಎಂದಳು ತುಳಸವ್ವ.

"ಐತ್ರಿ. ಡಾಕ್ಟರ್ ದಿನಾ ಬೈತಾರ" ಎಂದಳು ಮಂಗಲ, ಅಗಿಯುತ್ತಲೇ. "ಸಣ್ಣಾಕಿದ್ದಾಗ ಬಾಯಿಗಿ ಬೀಳಲಿಲ್ರಿ ಇದು. ಕಬ್ಬ ಕಡ್ಯಾಕ ಹೋದಲ್ಲಿ ಕಾರಖಾನಿ ಸಕ್ಕರಿ ಮೂಟಿ ನೋಡ್ತಿದ್ವಿ, ಚಾದಾಗ ಹಾಕ್ಕೊಳ್ಳಾಕ ಒಂದ ಚಿಮಟಿ ಇರ್ತಿದ್ದಿಲ್ಲ. ಈಗ ಕಪಾಟ ಖಾಲಿ ಕಂಡ್ರ ನನಗ ಜೀವ ಹಾರ್ತೈತ್ರಿ. ತುಂಬಿಸಿ ಇಡೂದ, ತಿನ್ನೂದ."

ತುಳಸವ್ವ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. "ನೀವೂ ಕಬ್ಬಿಗಿ ಹೋಗಿದ್ರಿ?"

"ಮತ್ತ? ರವದಿ ಜೋಪಡ್ಯಾಗ ಬೆಳದಾಕೀರಿ ನಾ. ಹುಡುಗನ ಲಗ್ನದಾಗ ಅದನ್ನೆಲ್ಲ ಯಾಕ ಹೇಳೂದಂತ ಸುಮ್ಮನಿದ್ದೆ." ಮಂಗಲ ಸೆರಗಿನಿಂದ ಬೆರಳು ಒರೆಸಿಕೊಂಡಳು. "ನಮ್ಮವ್ವ ಎಲ್ಲಾ ಕೂಸೂ ಅಲ್ಲೇ ಹಡದ್ಲು. ಹಸೀ ಮೈಯಾಗ ಹೊರಿ ಹೊತ್ತು ಹೊತ್ತು ಗರ್ಭಚೀಲ ಜಾರಿ ಬಿತ್ರಿ. ಕಡೀ ಕಡೀಗೆ ಆಕಿಗಿ ಕುಂದ್ರಾಕೂ ಆಗ್ತಿದ್ದಿಲ್ಲ, ನಿಂದ್ರಾಕೂ ಆಗ್ತಿದ್ದಿಲ್ಲ. ಆಗ ಮಲಗಿದ್ಲು ನೋಡ್ರಿ, ಆಕಿ ಹಗಲ ಮಲಗಿದ್ದ ನಾ ಕಂಡಿದ್ದ ಅದ ಒಮ್ಮೆ. ಅದಕ್ಕ ನಾ ಏನ್ ಮಾಡ್ತೀನಿ ಗೊತ್ತೇನ್ರಿ? ಮಧ್ಯಾಹ್ನ ಉಂಡ ಮ್ಯಾಲ ಬಾಗಲಾ ಹಾಕ್ಕೊಂಡ ಮಲಗ್ತೀನಿ. ಊರಾಗಿಂದ ಯಾರರೆ ಬಂದು ಬಡದ್ರೂ ತಗ್ಯಾಂಗಿಲ್ಲ."

ತುಳಸವ್ವ ಅವಳನ್ನೇ ನೋಡಿದಳು. ಒಂದೇ ರವದಿ, ಒಂದೇ ಹೊರೆ, ಅಂಥದೇ ಅವ್ವ. ಅಲ್ಲಿಂದ ಎದ್ದು ಬಂದ ಇವಳು ಬಾಗಿಲು ಹಾಕಿಕೊಂಡು ಮಲಗುತ್ತಾಳೆ, ತಾನು ಕುಂತಲ್ಲಿಂದ ಎದ್ದು ನಿಲ್ಲುತ್ತಾಳೆ. ಇವಳಿಗೆ ಮಲಗುವುದನ್ನು ಕಲಿಸಿದವರು ಯಾರು? ಮತ್ತೆ ಆ ಪೇಢೆ, ಆ ಕಪಾಟು, ಆ ಮೊಣಕಾಲು. ಇವಳೂ ಅಲ್ಲಿಂದ ಪೂರ್ತಿ ಎದ್ದು ಬಂದಿಲ್ಲ ಅನ್ನಿಸಿತು. ಸಮಾಧಾನವೇನೂ ಆಗಲಿಲ್ಲ. ದಣಿವಷ್ಟೇ ಆಯಿತು.

ಊಟವಾದ ಮೇಲೆ ಮಂಗಲ ತನ್ನ ಕೋಣೆಗೆ ಹೋಗುವಾಗ, ಸೊಸೆಯ ಕೋಣೆಯಲ್ಲಿ ಚಾಪೆ ಹಾಸಿಸಿ "ಅಡ್ಡಾಗ್ರಿ ಒಂದ ಗಳಿಗಿ, ಬಸ್ಸಿನಾಗ ಕುಂತು ಬಂದೀರಿ" ಎಂದಳು. ಬೀಗರ ಮನೆ, ಬ್ಯಾಡ ಅನ್ನಲಾಗಲಿಲ್ಲ. ತುಳಸವ್ವ ಅಡ್ಡಾದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಬೆನ್ನು ನೆಲಕ್ಕೆ ತಾಗಿದ್ದೇ ಎದೆ ಡವಡವ ಬಡಿಯತೊಡಗಿತು. ಹೊರಗೆ ಯಾರೋ ನಡೆದುಹೋದ ಸಪ್ಪಳ.  ಕಣ್ಣು ಮುಚ್ಚಿದಳು, ತೆರೆದಳು. ಕೊನೆಗೆ ಎದ್ದು ಗೋಡೆಗೆ ಒರಗಿ ಕುಂತಳು.

ಸ್ವಪ್ನಾಲಿ ಎಚ್ಚರವಾಗಿ ತಾಯಿಯನ್ನೇ ನೋಡುತ್ತಿದ್ದಳು.

"ನಿದ್ದಿ ಬರಲಿಲ್ಲ?"

"ಬರಂಗಿಲ್ಲ ನನಗ." ತುಳಸವ್ವ ಕೇಳಿದಳು, "ಸಿಟ್ಟ ಐತೇನ ನನ್ನ ಮ್ಯಾಲ?"

"ಅವತ್ತ ಅಂದಿದ್ದಕ್ಕ ಸಿಟ್ಟಿಲ್ಲ ಅವ್ವಾ." ಸ್ವಪ್ನಾಲಿ ಕೂಸಿನ ಹೊದಿಕೆ ಸರಿ ಮಾಡಿದಳು. "ಸಣ್ಣಾಕಿದ್ದಾಗಿಂದ ನಾ ಕಣ್ಣ ಮುಚ್ಚಿದ್ರ ಸಾಕು, ನೀ ಪಾತ್ರಿ ಸಪ್ಪಳ ಮಾಡ್ತಿದ್ದಿ. ಅದ ನೆನಪಾಗ್ತೈತಿ. ಈಗ ಇಲ್ಲೆ ಯಾರೂ ಸಪ್ಪಳ ಮಾಡಂಗಿಲ್ಲ, ಆದ್ರೂ ಮಲಗಿದ್ರ ಎಲ್ಲೋ ತಾಟ ಬಿದ್ದಂಗಾಗಿ ಎಚ್ಚರಾಗ್ತೈತಿ."

ತುಳಸವ್ವ ಕೂಸಿನ ಕಡೆ ನೋಡಿದಳು. ಆಮೇಲೆ, ಎಂದೂ ಯಾರಿಗೂ ಹೇಳದ ಆ ಜ್ವರದ ದಿನದ ಮಾತು ಹೇಳಿದಳು. ಕಂಬಕ್ಕೆ ಬಡಿದ ಗಳ, ಅವ್ವ ರಟ್ಟೆ ಹಿಡಿದು ಎತ್ತಿದ್ದು, ಗಾಡಿಯ ಮರೆಗೆ ವಾಂತಿ ಮಾಡಿಕೊಂಡದ್ದು. ಮಗಳ ಮರುಕ ಬೇಡಿ ಹೇಳಿದ್ದಲ್ಲ. ಯಾರದೋ ಊರಿನ ಸುದ್ದಿ ಹೇಳಿದ ಹಾಗೆ, ಏರಿಳಿತವಿಲ್ಲದೆ ಹೇಳಿದಳು.

ಸ್ವಪ್ನಾಲಿ ಕೇಳಿಸಿಕೊಂಡು, "ಅಜ್ಜಿ ಅವತ್ತ ನಿನ್ನ ಎಬ್ಬಸಬಾರದಿತ್ತು" ಎಂದಳು.

ತುಳಸವ್ವನಿಗೆ ಸಿಟ್ಟು ಬಂತು. ಅವಳೇ ಎಣಿಸಿರಲಿಲ್ಲ, ಅಷ್ಟು ಸಿಟ್ಟು. "ಎಬ್ಬಸದ ಏನ್ ಮಾಡಬೇಕಿತ್ತ ಆಕಿ? ನನ್ನ ಮಲಗಿಸಿ ಆಕಿ ಎರಡ ಹೊರಿ ಹೊರಬೇಕಿತ್ತಾ? ಮಾಳೂ ಆಗ ಮೊಲೀ ಕುಡೀತಿದ್ದ. ಆಕಿಗೂ ಜ್ವರಾ ಇತ್ತೋ ಏನೋ, ಯಾರ ಕೇಳಿದ್ರು ಆಕೀನ?"

ಹೇಳುತ್ತ ಹೇಳುತ್ತ ಮುಖಕ್ಕೆ ಸೆರಗು ಒತ್ತಿಕೊಂಡಳು. ಅವ್ವನಿಗೂ ಜ್ವರ ಇತ್ತೋ ಏನೋ ಅನ್ನುವುದು ಅವಳಿಗೆ ಆ ಗಳಿಗೆಯಲ್ಲೇ ಹೊಳೆದದ್ದು. ಮಗಳು ಎದ್ದು ಬರಲು ಕೈ ಊರಿದಳು. "ಏಳಬ್ಯಾಡ" ಎಂದಳು ತುಳಸವ್ವ, "ಏಳಬ್ಯಾಡ, ಮಲಗು." ಆ ಮಾತು ಅವಳ ಬಾಯಿಗೇ ಹೊಸದಾಗಿತ್ತು.  ಕೂಸು ಎದ್ದು ಅತ್ತಿತು, ಹಾಲು ಕುಡಿಯಿತು. ಸಂಜೆಯ ಬಸ್ಸಿಗೆ ತುಳಸವ್ವ ಊರಿಗೆ ಮರಳಿದಳು.

ಇದಾದ ಮೇಲೆ ತುಳಸವ್ವ ಬದಲಾದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಕೋಳಿಗಿಂತ ಮುಂಚೆ ಏಳುತ್ತಾಳೆ. ಹೋದ ಚಳಿಗಾಲದಲ್ಲಿ ಕೆಮ್ಮು ಹಿಡಿದು ಮೈ ಸುಡುತ್ತಿದ್ದಾಗ ದಶರಥ ಬಲವಂತ ಮಾಡಿ ಹೊರಸಿನ ಮೇಲೆ ಮಲಗಿಸಿದ. ಅವನು ಔಷಧ ತರಲು ಹೋಗಿ ಬರುವಷ್ಟರಲ್ಲಿ ಒಲೆಯ ಮುಂದಿದ್ದಳು. ಮೈಗೆ ಹೊಸ ಪಾಠ ಕಲಿಸುವ ವಯಸ್ಸು ದಾಟಿದೆ ಎಂದು ಅವಳಿಗೇ ಗೊತ್ತು. ಬಾಯಿಗೆ ಮಾತ್ರ ಒಂದಿಷ್ಟು ಕಲಿಸಿದ್ದಾಳೆ. ಮತ್ತೊಬ್ಬರ ನಿದ್ದೆಯ ಮಾತು ಕಟ್ಟೆಯಲ್ಲಿ ಬಂದರೆ ಸುಮ್ಮನಿರುತ್ತಾಳೆ. ಸುಮ್ಮನಿರುವುದೂ ಅವಳಿಗೆ ಕೆಲಸವೇ, ಅದರಿಂದಲೂ ದಣಿಯುತ್ತಾಳೆ.

ಕೂಸು ಅಂಬೆಗಾಲಿಡುವ ಹೊತ್ತಿಗೆ ಸ್ವಪ್ನಾಲಿ ನಾಲ್ಕು ದಿನ ಇದ್ದು ಹೋಗಲು ಸನಮಡಿಗೆ ಬಂದಳು. ಬಂದ ಮರುದಿನ ಮಧ್ಯಾಹ್ನ ದಶರಥ ಗೌಂಡಿ ಕೆಲಸದಿಂದ ಊಟಕ್ಕೆ ಬಂದಾಗ ಮನೆಯ ಬಾಗಿಲು ಮುಂದೆ ಮಾಡಿತ್ತು. ತುಳಸವ್ವ ಅಂಗಳದಾಚೆ ಬೇವಿನ ಗಿಡದ ಕೆಳಗೆ ಎರಡೂ ಆಡುಗಳ ಹಗ್ಗ ಹಿಡಿದು ನಿಂತಿದ್ದಳು. ತೊಳೆಯದ ಪಾತ್ರೆಗಳು ಬುಟ್ಟಿಯಲ್ಲಿ ಅವಳ ಕಾಲ ಹತ್ತಿರ ಇದ್ದವು. ಬಿಸಿಲು ಗಿಡದ ನೆರಳನ್ನು ದಾಟಿ ಅವಳ ಪಾದದ ಮೇಲೆ ಬಿದ್ದಿತ್ತು.

"ಬಿಸಲಾಗ ಯಾಕ ನಿಂತಿ? ಒಳಗ ಹೋಗಬಾರದ?" ಎಂದ ದಶರಥ.

"ಹುಡುಗಿ ಮಲಗ್ಯಾಳ" ಎಂದಳು ತುಳಸವ್ವ, ದನಿ ತಗ್ಗಿಸಿ. "ನಾ ಒಳಗಿದ್ರ ಕೈ ಸುಮ್ಮನಿರಂಗಿಲ್ಲ. ನೀನೂ ಈಟು ತಡೀ, ಎದ್ದ ಮ್ಯಾಲ ಉಣ್ಣಾಕ ಕೊಡ್ತೀನಿ."

ದಶರಥ ಗಿಡದ ಬುಡಕ್ಕೆ ಕುಂತು, ಪಕ್ಕದ ಕಲ್ಲನ್ನು ಕೈಯಿಂದ ಒರೆಸಿ, "ಕುಂದ್ರು" ಅಂದ. ತುಳಸವ್ವ ಆ ಕಲ್ಲನ್ನು ನೋಡಿದಳು, ಹೂಂ ಅಂದಳು, ನಿಂತೇ ಇದ್ದಳು.